ಗಾಜಿನ ಪಟ್ಟಿ

ನಗರಸಭೆಯದೇ ಕಟ್ಟಡ. ಅಂಗಡಿ ಹದಿನಾರು,
ಬಾಡಿಗೆ ಬಾಕಿ ಹನ್ನೊಂದರದು.
ಚಿಂತಾಮಣಿಯ ಹಳೇ ಸಂತೆಬೀದಿ ತಿರುವಿನಲ್ಲಿ
ಒಂಬತ್ತನೇ ನಂಬರಿನ ತೊಲೆಯ ಕೆಳಗೆ
ಬಿರುಕು:
ತೆಳ್ಳಗೆ, ಬೈತಲೆ ತೆಗೆದ ಹಾಗೆ.

ಪಿಳ್ಳಪ್ಪ ಮೇಸ್ತ್ರಿ ಏಣಿ ಹಿಡಿದ.
ಹಳೇ ಫೋಟೋದ ಗಾಜು, ಆರಿಂಚು ಉದ್ದ ಕತ್ತರಿಸಿ
ಬಿರುಕಿಗೆ ಅಡ್ಡ ಇಟ್ಟು
ಎರಡು ತುದಿಗೂ ಪ್ಲಾಸ್ಟರ್ ಮೆತ್ತಿ
ಪಕ್ಕದಲ್ಲಿ ತಾರೀಖು ಬರೆದೆ: ೭-೮.
ಗೋಡೆ ಅಲುಗದಿದ್ದರೆ ಗಾಜು ಇರುತ್ತದೆ.
ಅಲುಗಿದರೆ
ಗಾಜಿಗೆ ಸುಳ್ಳು ಹೇಳಲು ಬರುವುದಿಲ್ಲ.
"ಇಷ್ಟೇನಾ ಮೇಡಂ?" ಅಂದ ನೂರುಲ್ಲಾ,
ಒಂಬತ್ತನೇ ನಂಬರಿನ ಟೈಲರ್, ಬಾಯಲ್ಲಿ ಗುಂಡುಪಿನ್ನು.
ಇಷ್ಟೇ.

ಕಚೇರಿಯ ನನ್ನ ಮೇಜಿನ ಮೇಲೆ
ಊರು ನಕ್ಷೆಯಾಗಿ ಮಡಚಿಕೊಂಡು ಕೂತಿದೆ.
ಕಾಗದದಲ್ಲಿ ಎಲ್ಲರೂ ಸಭ್ಯರು:
ಎರಡೇ ಅಂತಸ್ತು, ಸುತ್ತ ಮೂರಡಿ ಗಾಳಿ,
ಒಂಬತ್ತಿಂಚಿನ ಕಂಬ.
ಸೈಟಿಗೆ ಹೋದರೆ
ಆ ಮೂರಡಿಯಲ್ಲೇ ಮೆಟ್ಟಿಲು ಹತ್ತುತ್ತಿದೆ,
ಮೆಟ್ಟಿಲ ಕೆಳಗೆ ಕಕ್ಕಸು,
ಪಕ್ಕದವರ ಕಿಟಕಿ
ಇವರ ಗೋಡೆಗೆ ಮೂಗು ಒತ್ತಿ ನಿಂತಿದೆ.
ನೋಟಿಸು ಕೊಟ್ಟರೆ, ದಂಡ ಎಷ್ಟು ಹೇಳಿ ಅನ್ನುತ್ತಾರೆ,
ಟೊಮೆಟೊ ರೇಟು ಕೇಳಿದ ಹಾಗೆ.
ಸದಸ್ಯರ ಫೋನು: "ನಮ್ಮೋರೇನಮ್ಮ, ಸ್ವಲ್ಪ ನೋಡು."
ನೋಡಿದೆ. ನೋಡುವುದೇ ನನ್ನ ಕೆಲಸ.

ಹೊಸ ಚಾವಣಿಗೆ ಹದಿನಾಲ್ಕು ದಿನ ನೀರುಣಿಸಬೇಕು.
ಷರತ್ತು ಆರು. ನಾನೇ ಟೈಪು ಮಾಡಿಸಿ ಕೊಡುತ್ತೇನೆ
ಸಾವಿರದ ನಾನೂರು ಅಡಿ ಕೊರೆದರೂ ಧೂಳು ಉಗುಳುವ ಊರಲ್ಲಿ,
ನಲ್ಲಿ ಎಂಟು ದಿನಕ್ಕೊಮ್ಮೆ ಕೆಮ್ಮುವ ಊರಲ್ಲಿ.
ಕೆರೆ ಹಿಂದಿನ ಬಡಾವಣೆಯ ಗಂಗುಲಮ್ಮ
ಅಕ್ಕಿ ತೊಳೆದ ನೀರು, ಬಟ್ಟೆ ಜಾಲಿಸಿದ ನೀರು
ಬಿಂದಿಗೆಯಲ್ಲಿ ಹೊತ್ತು ಏಣಿ ಹತ್ತುತ್ತಿದ್ದಳು.
ಸೋಪಿನ ನೀರು ಬೇಡಮ್ಮ ಅಂದೆ.
"ಇದೇ ಇರೋದು ತಾಯಿ. ಹಸುಗೂಸು, ಒಣಗಿಸೋಕಾಯ್ತದಾ?"
ಅವಳ ಫೈಲಿನಲ್ಲಿ ಒಂದೂ ತಪ್ಪಿರಲಿಲ್ಲ.
ಅವಳ ಪರವಾಗಿ ಯಾರ ಫೋನೂ ಬಂದಿರಲಿಲ್ಲ.

ಇಪ್ಪತ್ತಮೂರನೇ ದಿನ ಗಾಜು ಹಾಗೇ ಇತ್ತು.
ತೀರಾ ಹಾಗೇ ಇತ್ತು:
ಮೇಲೆ ಧೂಳಿಲ್ಲ,
ಮೂಲೆಯಲ್ಲಿದ್ದ ಪಿಳ್ಳಪ್ಪನ ಹೆಬ್ಬೆಟ್ಟಿನ ಗುರುತಿಲ್ಲ.
ನಾನು ಬರೆಯುವ ಏಳಕ್ಕೆ ಬಾಲ ಸುತ್ತಿರುತ್ತದೆ,
ಇದು ನೆಟ್ಟಗಿದೆ, ಕತ್ತರಿ ಆಡಿಸಿದ ಹಾಗೆ.
ಕೆಳಗೆ, ಮಿಷಿನ್ನಿನ ಪೆಡಲಿನ ಪಕ್ಕ
ಗುಡಿಸಿಟ್ಟ ಚೂರು.

ನೂರುಲ್ಲಾ ತಲೆ ಎತ್ತಲಿಲ್ಲ.
ಯಾರದೋ ಮಗಳ ಶಾಲೆಯ ಲಂಗ, ಅಂಚು ಎರಡಿಂಚು ಒಳಗೆ ಮಡಿಸುತ್ತಿದ್ದ.
ಇಷ್ಟು ಬಟ್ಟೆ ಯಾಕೆ ಒಳಗೆ ಅಂದೆ.
"ಬಿಡಬೇಕು ಮೇಡಂ. ಮಗು ಬೆಳೀತದೆ.
ಜಾಗ ಬಿಡದೆ ಹೊಲಿದರೆ ಮೊದಲ ಓಟಕ್ಕೇ..."
ಅಂದವನು ಅಲ್ಲಿಗೇ ಪೆಡಲು ನಿಲ್ಲಿಸಿದ.

"ಮೂರು ಸಲ ಒಡೀತು," ಅಂದ.
"ಮೂರು ಸಲವೂ ರಾತ್ರಿ."

ಸಂಜೆ ನೋಟಿಸು ಟೈಪಾಯಿತು.
ಇವರಿಂದ: ನಗರಸಭೆ. ಇವರಿಗೆ: ನಗರಸಭೆ.
ಜಾವಕದ ಪುಟ್ಟಲಿಂಗಮ್ಮ ನಕ್ಕಳು:
"ದಂಡ ಕಟ್ಟೋದು ಎಡಗೈಯೋ ಬಲಗೈಯೋ?"
ಪೌರಾಯುಕ್ತರು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ತೆಗೆದು
ಹದಿನಾರು ಬಾಡಿಗೆಯನ್ನು ಮನಸ್ಸಿನಲ್ಲೇ ಕೂಡಿ
ಸಹಿ ಹಾಕಿದರು.

ಷಟರಿಗೆ ಅಂಟಿಸುವಾಗ ಗೋಂದು ಸಾಲಲಿಲ್ಲ.
ಮೈದಾ ಅಂಟಿನ ಡಬ್ಬಿ ಒಳಗಿಂದ ತಂದುಕೊಟ್ಟವನು ಅವನೇ.
ಸ್ವಲ್ಪ ದೂರ ನಿಂತು ನೋಡಿ
"ಸೊಟ್ಟಗಿದೆ ಮೇಡಂ" ಅಂದು
ಕೊರಳ ಟೇಪು ಎಳೆದು
ಎಡಕ್ಕೆಷ್ಟು, ಬಲಕ್ಕೆಷ್ಟು ಅಳೆದು
ನೆಟ್ಟಗೆ ಮಾಡಿದ.